ಕೋಲಿನ ಹಿಡಿಗೆ ಬಂದ ಬಿರಟೆ

ಗಾಳದ ಕೋಲಿಗೆ ಬೇರೆಯಾಗಿ ಒಂದು ಹಿಡಿ ಅಂತ ಬಂದದ್ದು ತೀರಾ ಈಚೆಗೆ. ಕೆರೆ ಏರಿಯ ಮೇಲೆ ಕೂತು ಗಾಳ ಹಾಕುವವನಿಗೆ ಬಿದಿರ ಗಳುವೇ ಕೋಲು, ಅದರ ಬುಡವೇ ಹಿಡಿ. ಕಡಲಲ್ಲಿ ದೋಣಿಯಿಂದ ಗಾಳ ಬಿಡುವವನಿಗೆ ಕೋಲೇ ಬೇಡ. ದಾರವನ್ನು ಮರದ ತುಂಡಿಗೆ ಸುತ್ತಿಟ್ಟುಕೊಂಡು, ತೋರುಬೆರಳ ಮೇಲೆ ಹಾಯಿಸಿ, ಮೀನು ಕಚ್ಚಿದ್ದನ್ನು ಬೆರಳಲ್ಲೇ ತಿಳಿಯುತ್ತಾನೆ. ಕಾರ್ಕಿನ ಹಿಡಿ ಅಂದರೆ ಔಷಧದ ಬಾಟಲಿಯ ಬಾಯಿಗೆ ತುರುಕುತ್ತಿದ್ದ ಅದೇ ಬಿರಟೆ. ಅದನ್ನು ಬಿಲ್ಲೆ ಬಿಲ್ಲೆಯಾಗಿ ಪೋಣಿಸಿ, ಅಂಟಿಸಿ, ತಿರುಗಿಸಿ ನಯ ಮಾಡಿದ ಹಿಡಿ ನಮ್ಮ ನೀರಿಗೆ ಬಂದು ನೂರೈವತ್ತು ವರ್ಷವೂ ಆಗಿಲ್ಲ. ಆದರೆ ಅದು ಬಂದ ದಾರಿ ಹಿಡಿದು ಹೊರಟರೆ ಪೋರ್ಚುಗಲ್ಲಿನ ಓಕ್ ತೋಪು, ಲಂಡನ್ನಿನ ಒಂದು ಸೂಕ್ಷ್ಮದರ್ಶಕ, ಕಲ್ಕತ್ತೆಯ ಬಂದರು, ಮಂಗಳೂರಿನ ಒಂದು ಅಚ್ಚುಕೂಟ ಎಲ್ಲವೂ ಎದುರಾಗುತ್ತವೆ. ಮೀನು ಹಿಡಿಯುವ ಚರಿತ್ರೆಯನ್ನು ಸಾಮಾನ್ಯವಾಗಿ ಮೀನಿನ ತೂಕದ ಲೆಕ್ಕದಲ್ಲಿ ಬರೆಯುತ್ತಾರೆ. ಕೋಲು ಹಿಡಿದ ಕೈಯ ಕಡೆಯಿಂದ ಬರೆದರೆ ಅದು ಇನ್ನೂ ದೊಡ್ಡ ಕಥೆ.

ಈ ಕಥೆಗೆ ನವಿ ಮುಂಬಯಿಯ ಕಾಮೋಠೆಯಿಂದಲೇ ಹೊರಡಬಹುದು. ಮುಂಬಯಿ ಲೋಕಲ್ ರೈಲಿನ ಹಾರ್ಬರ್ ಲೈನಿನಲ್ಲಿ ಖಾರ್‌ಘರ್ ದಾಟಿದ ಮೇಲೆ ಬರುವ ಮಾನಸರೋವರ ಸ್ಟೇಷನ್ ಈ ಊರಿನದು. 1970ರಲ್ಲಿ ನಗರ ನಿರ್ಮಾಣ ಸಂಸ್ಥೆ ಸಿಡ್ಕೊ ಹುಟ್ಟಿ ನವಿ ಮುಂಬಯಿಯ ನಕ್ಷೆ ಎಳೆಯುವ ಮುಂಚೆ ಈ ಸೀಮೆಯಲ್ಲಿದ್ದದ್ದು ಆಗ್ರಿ ಮತ್ತು ಕೋಳಿ ಜನರ ಹಳ್ಳಿಗಳು, ಉಪ್ಪುನೀರು ನುಗ್ಗದಂತೆ ಒಡ್ಡು ಹಾಕಿ ಬೆಳೆದ ಭತ್ತದ ಗದ್ದೆಗಳು, ಉಪ್ಪಿನ ಆಗರಗಳು, ಕಾಂಡ್ಲಾ ಕಾಡು, ಪನವೇಲ್ ಖಾಡಿ. ಉಬ್ಬರ ಇಳಿತದ ನೀರನ್ನೇ ನಂಬಿದ ಬಲೆಗಳು ಇಲ್ಲಿಯವು. ಹರಿವಿಗೆ ಬಾಯಿ ಕೊಟ್ಟು ಕಟ್ಟುವ ಡೋಲ್ ಬಲೆ ಒಂದು, ಮೊಣಕಾಲುದ್ದ ಕೆಸರಲ್ಲಿ ನಿಂತು ಬೀಸುವ ಪಾಗ್ ಇನ್ನೊಂದು. ಈ ಖಾಡಿಗಳ ಜಿತಾಡಾ ಮೀನು ರಾಯಗಡ, ಠಾಣೆ ಕಡೆಯವರಿಗೆ ಮರ್ಯಾದೆಯ ಮೀನು. ಆಸ್ಟ್ರೇಲಿಯದವರು ಬ್ಯಾರಮುಂಡಿ ಅನ್ನುವುದು ಇದನ್ನೇ. ಬಲೆಗೆ ಬೀಳುವ ಜಿತಾಡಾ ಕೋಲಿಗೂ ಬೀಳುತ್ತದೆ, ಮತ್ತು ಬಿದ್ದಾಗ ನೀರಿನಿಂದ ಮೇಲಕ್ಕೆ ನೆಗೆದು ತಲೆ ಕೊಡವುತ್ತದೆ. ಈ ನೆಗೆತಕ್ಕಾಗಿಯೇ ಕೋಲು, ರೀಲು ಹಿಡಿದು ಖಾಡಿಯ ಅಂಚಿಗೆ ಬರುವವರು ಇದ್ದಾರೆ. ಅವರಲ್ಲಿ ಅಂಗಡಿಯ ಕೋಲಿನಿಂದ ತೃಪ್ತಿಯಾಗದೆ ತಮ್ಮ ಕೈಯಳತೆಗೆ ತಾವೇ ಕೋಲು ಕಟ್ಟಿಕೊಳ್ಳುವವರು ಕೆಲವರು.

ಹಾಗೆ ಕಟ್ಟುವವರ ಮುಂದೆ ಇರುವ ಸಾಮಾನು ಹೆಚ್ಚೇನಲ್ಲ. ಕಾರ್ಬನ್ ನಾರಿನ ಬರಿಯ ಕಡ್ಡಿ, ದಾರ ಹಾಯುವ ಉಂಗುರಗಳು, ರೀಲು ಕೂರಿಸುವ ಪಟ್ಟಿ, ಎಪಾಕ್ಸಿ ಅಂಟು, ಒಂದು ಚೀಲದಲ್ಲಿ ಕಾರ್ಕಿನ ಬಿಲ್ಲೆಗಳು. ಬಿಲ್ಲೆಗೆ ಸಾಮಾನ್ಯವಾದ ಒಂದು ಅಳತೆಯಿದೆ: ಒಂದೂಕಾಲು ಇಂಚು ಅಗಲ, ಅರ್ಧ ಇಂಚು ದಪ್ಪ, ನಡುವೆ ಕಾಲಿಂಚಿನ ತೂತು. ಕಡ್ಡಿ, ಉಂಗುರ, ಅಂಟು ಎಲ್ಲ ಕಾರ್ಖಾನೆಯಲ್ಲಿ ಹುಟ್ಟಿದವು. ಬಿಲ್ಲೆಯೊಂದೇ ಮರದ ಮೈಮೇಲೆ ಬೆಳೆದದ್ದು.

ಗಾಳವನ್ನು ಹೊಟ್ಟೆಪಾಡಿನ ಆಚೆ ಒಂದು ವಿದ್ಯೆಯಾಗಿ ನೋಡಿದ ಬರಹ ಕನ್ನಡ ನೆಲದಲ್ಲೇ ಬಹಳ ಹಿಂದೆ ಹುಟ್ಟಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಅನ್ನುವ ಭಾಗವೇ ಇದೆ. ಠಾಣೆ ಜಿಲ್ಲೆಯ ಕಲ್ಯಾಣ ಅಲ್ಲ. ಇದು ಬೀದರ್ ಜಿಲ್ಲೆಯ ಬಸವಕಲ್ಯಾಣ. ಮೀನಿನ ಜಾತಿಗಳು, ಯಾವ ಮೀನಿಗೆ ಯಾವ ತಿನಿಸು, ಕೋಲು, ದಾರ, ಗಾಳ ಎಲ್ಲವನ್ನೂ ಅರಸನ ವಿನೋದಗಳ ಸಾಲಿಗೆ ಸೇರಿಸಿ ಅವನು ಹೇಳುತ್ತಾನೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ವಿದ್ವಾಂಸರ ಗಮನಕ್ಕೆ ತಂದರು. ಇಂಗ್ಲಿಷಿನವರು ಬಂದ ಮೇಲಷ್ಟೇ ನಮಗೆ ಗಾಳದ ಆಟ ಗೊತ್ತಾಯಿತು ಅಂತ ಯಾರಾದರೂ ಅಂದರೆ ತೋರಿಸಲು ಇಷ್ಟು ಸಾಕು. ಇಂಗ್ಲಿಷಿನವರಿಂದ ಬಂದದ್ದು ಆಟವಲ್ಲ, ಆ ಸಾಮಾನು.

ಆ ಸಾಮಾನಿನ ಅರ್ಧ ನಮ್ಮದೇ. 19ನೇ ಶತಮಾನದ ಒಳ್ಳೆಯ ಕೋಲು ಅಂದರೆ ಸಾಮ್ರಾಜ್ಯದ ಮೂಲೆಮೂಲೆಯ ಮರ ಸೇರಿದ ವಸ್ತು. ಗಯಾನಾದ ಗ್ರೀನ್‌ಹಾರ್ಟ್, ವೆಸ್ಟ್ ಇಂಡೀಸಿನ ಲ್ಯಾನ್ಸ್‌ವುಡ್, ಅಮೆರಿಕದ ಹಿಕರಿ, ಇವುಗಳ ಜೊತೆಗೆ ಇಂಡಿಯಾದ ಬಿದಿರು. ಕಲ್ಕತ್ತೆಯ ಬಂದರಿನಿಂದ ಹಡಗು ಹತ್ತುತ್ತಿದ್ದ ಈ ಬಿದಿರಿಗೆ ಅಲ್ಲಿ ಕಲ್ಕತ್ತಾ ಕೇನ್ ಅಂತಲೇ ಹೆಸರು. ಅದರ ಮೈಮೇಲಿನ ಸುಟ್ಟ ಕಲೆಗಳೇ ಅದರ ಗುರುತು. 1840ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಈಸ್ಟನ್ ಊರಿನಲ್ಲಿ ಸ್ಯಾಮ್ಯುಯಲ್ ಫಿಲಿಪ್ ಎಂಬಾತ ಬಿದಿರನ್ನು ಉದ್ದಕ್ಕೆ ಸೀಳಿ, ಹೊರಮೈಯ ಗಟ್ಟಿ ನಾರನ್ನಷ್ಟೇ ಉಳಿಸಿ, ಪಟ್ಟಿಗಳನ್ನು ಅಂಟಿಸಿ ಕೋಲು ಮಾಡಿದ. ಬಂದೂಕು ರಿಪೇರಿ ಅವನ ಕಸುಬು, ಪಿಟೀಲು ಮಾಡುವುದೂ ಅವನಿಗೆ ಗೊತ್ತಿತ್ತು. ಮುಂದೆ ಮೇನ್ ರಾಜ್ಯದ ಹೈರಮ್ ಲೆನರ್ಡ್ ಆರು ಪಟ್ಟಿಗಳ ಷಟ್ಕೋನ ಕೋಲನ್ನು ಯಂತ್ರದಿಂದ ಕತ್ತರಿಸಿ ಮಾಡತೊಡಗಿದ. ಇಂಗ್ಲೆಂಡಿನ ಆನಿಕ್ ಊರಿನ ಹಾರ್ಡಿ ಸಹೋದರರದು 1872ರಲ್ಲಿ ಬಂದೂಕಿನ ಅಂಗಡಿಯಾಗಿ ಶುರುವಾದ ಸಂಸ್ಥೆ. ಅದು ಮುಂದೆ ಸೀಳುಬಿದಿರಿನ ಕೋಲಿಗೇ ಲೋಕಪ್ರಸಿದ್ಧವಾಯಿತು.

ಸೀಳುಬಿದಿರಿನ ಕೋಲು ಹಗುರವಾಯಿತು. ಆಗ ಅದಕ್ಕೆ ಮರದ ಹಿಡಿ ಭಾರವಾಯಿತು. ಬೆತ್ತದ ಸೀಳನ್ನು ಬುಡಕ್ಕೆ ಒತ್ತೊತ್ತಾಗಿ ಸುತ್ತಿ ಹಿಡಿ ಮಾಡುವ ಪದ್ಧತಿಯೂ ಇತ್ತು. ಅದೂ ಪೂರ್ವದೇಶದ ಕಾಡಿನ ಸರಕೇ, ಒದ್ದೆಯಾದರೂ ಜಾರದು, ಆದರೆ ಸುತ್ತು ಸಡಿಲವಾದರೆ ಇಡೀ ಹಿಡಿ ಬಿಚ್ಚಿಕೊಳ್ಳುತ್ತದೆ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಕಾರ್ಕ್ ಈ ಜಾಗವನ್ನು ಹಿಡಿಯಿತು. ಕಾರಣ ಸರಳ. ಕಾರ್ಕು ನೀರಿನ ಐದನೇ ಒಂದು ಪಾಲಿನಷ್ಟೇ ತೂಗುತ್ತದೆ, ನೀರು ಕುಡಿಯುವುದಿಲ್ಲ, ಚಳಿಗಾಲದ ಬೆಳಗ್ಗೆಯೂ ಅಂಗೈಗೆ ತಣ್ಣಗೆ ಹತ್ತುವುದಿಲ್ಲ, ಬೆವರಿದರೂ ಮೀನಿನ ಲೋಳೆ ಮೆತ್ತಿದರೂ ಜಾರುವುದಿಲ್ಲ. ಹೀಗೆ ಬಂಗಾಳದ ರೇವಿನಿಂದ ಹೊರಟ ಬಿದಿರು ಪೋರ್ಚುಗಲ್ ತೊಗಟೆಯ ಹಿಡಿ ತೊಟ್ಟು, ಬೆಲೆ ಬಾಳುವ ಇಂಗ್ಲಿಷ್ ಕೋಲಾಗಿ, ಬೊಂಬಾಯಿ ಮದರಾಸುಗಳಿಗೆ ಮರಳಿ ಬಂತು.

ಪೋರ್ಚುಗೀಸರು ಮಾತ್ರ ಈ ಕರಾವಳಿಗೆ ಅದಕ್ಕೂ ಎಷ್ಟೋ ಮುಂಚೆ ಬಂದವರು. 1534ರಿಂದ 1739ರವರೆಗೆ ವಸಯಿ ಅವರ ಕೈಯಲ್ಲಿತ್ತು, ಠಾಣೆಯೂ ಬಹುಮಟ್ಟಿಗೆ ಅದೇ ಕಾಲದಲ್ಲಿ. ಗೋಡಂಬಿ, ಅನಾನಸು, ಮೆಣಸಿನಕಾಯಿ ಅವರ ಹಡಗಿನಲ್ಲಿ ಬಂದವು. ಅವರದೇ ಮರದ ತೊಗಟೆ ಗಾಳದ ಹಿಡಿಯಾಗಿ ಬರಲು ಮಾತ್ರ ಇಂಗ್ಲಿಷ್ ಅಂಗಡಿಯ ಕ್ಯಾಟಲಾಗು ಬೇಕಾಯಿತು.

ಆ ಮರದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಕಾರ್ಕ್ ಓಕ್ ಮರವನ್ನು ಕಡಿಯುವುದಿಲ್ಲ, ಸುಲಿಯುತ್ತಾರೆ. ಗಿಡ ಇಪ್ಪತ್ತೈದು ವರ್ಷದ್ದಾದ ಮೇಲೆ ಮೊದಲ ಸುಲಿತ. ಆ ತೊಗಟೆ ಒರಟು, ಬಿರಟೆಗೆ ಬಾರದು. ಒಂಬತ್ತು ವರ್ಷ ಬಿಟ್ಟು ಎರಡನೆಯದು, ಅದೂ ಅಷ್ಟಕ್ಕಷ್ಟೇ. ಮತ್ತೆ ಒಂಬತ್ತು ವರ್ಷ ಕಳೆದ ಮೇಲಿನ ಮೂರನೆಯ ಸುಲಿತದಿಂದ ಒಳ್ಳೆಯ ಕಾರ್ಕು. ಅಂದರೆ ಸಸಿ ನೆಟ್ಟವನ ಕೈಗೆ ಒಳ್ಳೆಯ ತೊಗಟೆ ಬರಲು ನಲವತ್ತು ವರ್ಷ ದಾಟಬೇಕು. ಬೇಸಿಗೆಯಲ್ಲಿ, ಮರದಲ್ಲಿ ರಸ ಏರಿ ತೊಗಟೆ ಸಲೀಸಾಗಿ ಬಿಡುವ ತಿಂಗಳುಗಳಲ್ಲಿ, ಸಣ್ಣ ಕೊಡಲಿಯಿಂದ ಗೀರಿ, ಆ ಕೊಡಲಿಯ ಕಾವಿನ ಚೂಪು ತುದಿಯಿಂದಲೇ ಮೀಟಿ ಎಬ್ಬಿಸುತ್ತಾರೆ. ಏಟು ಒಂದಿಷ್ಟು ಆಳಕ್ಕೆ ಹೋದರೆ ಒಳತೊಗಟೆಗೆ ಗಾಯವಾಗಿ ಮರ ನರಳುತ್ತದೆ. ಸುಲಿದ ಮೇಲೆ ಕೆಂಪಗೆ ಕಾಣುವ ಕಾಂಡದ ಮೇಲೆ ಆ ವರ್ಷದ ಕೊನೆಯ ಅಂಕಿಯನ್ನು ಬಿಳಿ ಬಣ್ಣದಲ್ಲಿ ಬರೆಯುತ್ತಾರೆ, ಒಂಬತ್ತು ವರ್ಷದೊಳಗೆ ಯಾರೂ ಮತ್ತೆ ಮುಟ್ಟದಿರಲಿ ಅಂತ. ಜಗತ್ತಿನ ಕಾರ್ಕಿನಲ್ಲಿ ಸುಮಾರು ಅರ್ಧ ಪೋರ್ಚುಗಲ್ ಒಂದರಿಂದಲೇ ಬರುತ್ತದೆ.

ನಮ್ಮಲ್ಲಿ ಬಿರಟೆ ಮರ ಇಲ್ಲವೆಂದಲ್ಲ. ಬೆಂಗಳೂರಿನ ರಸ್ತೆಗಳಲ್ಲಿ ಬೆಳ್ಳಗೆ ಹೂ ಸುರಿಸುವ ಆಕಾಶಮಲ್ಲಿಗೆಗೆ ಬಿರಟೆ ಮರ ಅನ್ನುವ ಹೆಸರೂ ಇದೆ. ಬರ್ಮಾ ಕಡೆಯಿಂದ ಬಂದ ಆ ಮರದ ತೊಗಟೆಯನ್ನು ಕಾರ್ಕಿಗೆ ಬದಲಾಗಿ ಬಳಸಿದ್ದುಂಟು. ಆದರೆ ಗುಣದಲ್ಲಿ ಅದು ಕೆಳದರ್ಜೆಯದು, ಗಾಳದ ಹಿಡಿಗೆ ಹೊಂದುವಂಥದ್ದಲ್ಲ. ಹೀಗಾಗಿ ನಿಜವಾದ ಕಾರ್ಕು ಸಾಮಾನ್ಯ ಜನರ ಕೈಗೆ ಬಂದದ್ದು ಬೇರೆ ವೇಷಗಳಲ್ಲಿ. ಕ್ರಿಕೆಟ್ ಚೆಂಡಿನ ತಿರುಳು, ಬ್ಯಾಡ್ಮಿಂಟನ್ ಹೂವಿನ ತಲೆ, ಗಲ್ಲಿಯ ಹುಡುಗರ ಕಾರ್ಕ್ ಬಾಲ್, ಸೋಡಾ ಮುಚ್ಚಳದ ಒಳಗಿನ ತೆಳು ಬಿಲ್ಲೆ. ಆ ಮುಚ್ಚಳವನ್ನು ವಿಲಿಯಂ ಪೇಂಟರ್ ಕಂಡುಹಿಡಿದದ್ದು 1892ರಲ್ಲಿ. ಪ್ಲಾಸ್ಟಿಕ್ ಬರುವ ತನಕ ಅದರೊಳಗಿದ್ದದ್ದು ಕಾರ್ಕೇ. ಹಿರಿಯರು ಚಿಕ್ಕವರಿದ್ದಾಗ ಅದನ್ನು ಉಗುರಿನಿಂದ ಎಬ್ಬಿಸಿ ತೆಗೆದವರೇ. ಎಬ್ಬಿಸಿದಾಗ ಪುಡಿಪುಡಿಯಾಗಿ ಬರುತ್ತಿತ್ತು.

ಆ ಪುಡಿಯಾಗುವ ಗುಣವೇ ಕೋಲು ಕಟ್ಟುವವನ ನಿಜವಾದ ತೊಡಕು. ಕಾರ್ಕನ್ನು ಶುದ್ಧವಾಗಿ ಕತ್ತರಿಸುವುದು ಕಷ್ಟ. ಹಾಗೆ ಕತ್ತರಿಸಿದ ಬಗೆಯನ್ನು ಬರೆದಿಟ್ಟವರಲ್ಲಿ ಮೀನಿಗೂ ಗಾಳಕ್ಕೂ ಸಂಬಂಧವಿಲ್ಲದ ಒಬ್ಬ ವಿಜ್ಞಾನಿ ಇದ್ದಾನೆ. ರಾಬರ್ಟ್ ಹೂಕ್ 1665ರಲ್ಲಿ ಪ್ರಕಟಿಸಿದ ಮೈಕ್ರೋಗ್ರಾಫಿಯಾ ಗ್ರಂಥದಲ್ಲಿ ಒಂದು ತುಂಡು ಕಾರ್ಕನ್ನು ನೋಡಿದ ಸಂಗತಿ ಬರುತ್ತದೆ. ಅವನು ಮೊದಲು ಮಾಡಿದ ಕೆಲಸ ಚಾಕು ಮಸೆಯುವುದು. ಗರಿಯ ಲೇಖನಿ ಕೆತ್ತುವ ಸಣ್ಣ ಚಾಕುವನ್ನು ಕ್ಷೌರದ ಕತ್ತಿಯಷ್ಟು ಹರಿತ ಮಾಡಿಕೊಂಡು, ಕಾರ್ಕಿನ ಒಂದು ಮೈಯನ್ನು ಕೊಯ್ದು ನುಣುಪು ಮಾಡಿದ. ಆಮೇಲೆ ಆ ನುಣುಪು ಮೈಯಿಂದಲೇ ಅತಿ ತೆಳುವಾದ ಒಂದು ಪದರವನ್ನು ಎತ್ತಿದ. ಪದರ ಬಿಳಿ, ಆದ್ದರಿಂದ ಅದನ್ನು ಕಪ್ಪು ತಟ್ಟೆಯ ಮೇಲಿಟ್ಟು, ಉಬ್ಬು ಗಾಜಿನಿಂದ ಬೆಳಕನ್ನು ಅದರ ಮೇಲೆ ಕೂಡಿಸಿ ನೋಡಿದ. ಕಂಡದ್ದು ಜೇನುಹುಟ್ಟಿನಂಥ ಖಾಲಿ ಕೋಣೆಗಳು. ಅವಕ್ಕೆ ಅವನಿಟ್ಟ ಸೆಲ್ ಎಂಬ ಹೆಸರನ್ನೇ ಜೀವವಿಜ್ಞಾನ ಇವತ್ತಿಗೂ ಬಳಸುತ್ತಿದೆ. ಒಂದು ಘನ ಇಂಚಿನಲ್ಲಿ ಇಂಥ ಕೋಣೆಗಳು ನೂರಿಪ್ಪತ್ತು ಕೋಟಿಗೂ ಮೇಲೆ ಎಂದು ಅವನು ಲೆಕ್ಕ ಹಾಕಿದ.

ಹೂಕ್‌ನ ಚಾಕು ಮೊಂಡಾಗಿದ್ದರೆ ಆ ದಿನ ಅವನಿಗೆ ಏನೂ ಕಾಣುತ್ತಿರಲಿಲ್ಲ. ಕೋಣೆಗಳ ಗೋಡೆ ತೀರಾ ತೆಳು, ಒಳಗೆ ಗಾಳಿ. ಮೊಂಡು ಅಲಗು ಮೇಲಿಂದ ಒತ್ತಿದಾಗ ಕಾರ್ಕು ಕೊಯ್ಯಿಸಿಕೊಳ್ಳುವುದಿಲ್ಲ, ತಗ್ಗುತ್ತದೆ; ತಗ್ಗಿ ತಗ್ಗಿ ಒಂದು ಹಂತದಲ್ಲಿ ಹರಿದುಹೋಗುತ್ತದೆ, ಮತ್ತು ಹರಿಯುವುದು ಅಲಗಿನ ಗೆರೆಯ ಮೇಲಲ್ಲ, ತನಗೆ ಬೇಕಾದ ಕಡೆ. ಇದರ ಜೊತೆಗೆ ತೊಗಟೆ ಉಸಿರಾಡುವ ಸಣ್ಣ ಕಾಲುವೆಗಳಿವೆ. ಹೊರಗಿನಿಂದ ಒಳಕ್ಕೆ ಸಾಗುವ ಆ ಕಾಲುವೆಗಳಲ್ಲಿ ಕಂದು ಪುಡಿ ತುಂಬಿರುತ್ತದೆ. ಕತ್ತರಿಸಿದ ಮೈಗೆ ಕಾಲುವೆ ಸಿಕ್ಕರೆ ಪುಡಿ ಉದುರಿ ಗುಳಿ ಬೀಳುತ್ತದೆ. ಬಾಟಲಿಯ ಬಿರಟೆಯನ್ನು ತೊಗಟೆಯಿಂದ ತೆಗೆಯುವಾಗ ಈ ಕಾಲುವೆಗಳು ಅಡ್ಡಡ್ಡ ಬೀಳುವಂತೆ ನೋಡಿಕೊಳ್ಳುತ್ತಾರೆ, ಉದ್ದುದ್ದ ಬಿದ್ದರೆ ದ್ರಾಕ್ಷಾರಸ ಅದರ ಮೂಲಕ ಜಿನುಗೀತು ಅಂತ.

ಯಂತ್ರ ಬರುವ ಮುಂಚೆ ಯುರೋಪಿನಲ್ಲಿ ಬಿರಟೆ ಕೊಯ್ಯುವುದೇ ಒಂದು ಕಸುಬಾಗಿತ್ತು. ಅಗಲವಾದ, ತೆಳ್ಳನೆಯ ಅಲಗಿನ ಚಾಕು; ಅದನ್ನು ಮೇಜಿನ ಅಂಚಿಗೆ ಆನಿಸಿ, ಬಿರಟೆಯನ್ನೇ ಅಲಗಿನ ಮೇಲೆ ತಿರುಗಿಸಿ ದುಂಡಗೆ ಮಾಡುತ್ತಿದ್ದರು. ಈಳಿಗೆ ಮಣೆಯಲ್ಲಿ ಕಾಯಿಪಲ್ಲೆ ಹೆಚ್ಚುವಂತೆ: ಅಲಗು ನಿಂತಿರುತ್ತದೆ, ಕೈ ಸಾಗುತ್ತದೆ. ಪ್ರತಿ ಕೆಲವು ಕೊಯ್ತಕ್ಕೊಮ್ಮೆ ಚಾಕು ಸಾಣೆಗೆ ಹೋಗಬೇಕು, ಏಕೆಂದರೆ ಕಾರ್ಕು ಎಷ್ಟು ಮೆತ್ತಗೆ ಕಂಡರೂ ಅಲಗಿನ ಹರಿತವನ್ನು ಬಹಳ ಬೇಗ ತಿನ್ನುತ್ತದೆ. ಕೈಕೆಲಸದವರ ಈ ಜ್ಞಾನವನ್ನು ಫ್ರಾನ್ಸಿನಲ್ಲಿ ದಿದೆರೋ ಸಂಪಾದಿಸಿದ ವಿಶ್ವಕೋಶ 18ನೇ ಶತಮಾನದಲ್ಲೇ ದಾಖಲಿಸಿಕೊಂಡಿತು. ನಮ್ಮ ಕಸುಬುಗಳಿಗೂ ಅಂಥ ಗೌರವ ಆ ಕಾಲದಲ್ಲೇ ಸಿಕ್ಕಿದ್ದರೆ ಎಷ್ಟು ಕೈಚಳಕ ಉಳಿಯುತ್ತಿತ್ತೋ ಏನೋ.

ಕನ್ನಡ ನಾಡಿನ ನದಿಗಳಿಗೆ ಈ ಹೊಸ ಸಾಮಾನಿನ ಶಾಸ್ತ್ರ ಕಾಲಿಟ್ಟದ್ದು ಮಂಗಳೂರಿನ ಮೂಲಕ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಪುಸ್ತಕವನ್ನು ಹೊರತಂದ. ಮುದ್ರಣವಾದದ್ದು ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಕೊಟ್ಟ, 1894ರಲ್ಲಿ ಕಿಟೆಲ್ ನಿಘಂಟನ್ನು ಕೊಡಲಿದ್ದ ಅದೇ ಅಚ್ಚುಕೂಟ. ಇಂಡಿಯಾದಲ್ಲಿ ಗಾಳ ಹಾಕುವವರು ಮುಂದೆ ಹಲವು ದಶಕ ಈ ಪುಸ್ತಕವನ್ನು ಪ್ರಮಾಣವೆಂದು ಓದಿದರು. 1881ರಲ್ಲಿ, 1897ರಲ್ಲಿ ಮತ್ತೆ ಅಚ್ಚಾಯಿತು. ತೂಕಕ್ಕೆ ತೂಕ ಇಟ್ಟು ನೋಡಿದರೆ ಮಹಶೀರ್ ಇಂಗ್ಲೆಂಡಿನ ಸಾಲ್ಮನ್ ಮೀನಿಗಿಂತ ಗಟ್ಟಿ ಎದುರಾಳಿ ಅನ್ನುವುದು ಥಾಮಸನ ವಾದ. ನಮ್ಮ ಹೊಳೆಯ ಮೀನಿಗೆ ಸಿಕ್ಕ ಈ ಸರ್ಟಿಫಿಕೇಟನ್ನು ಓದಿದ ದೊರೆಗಳು ರಜೆಯಲ್ಲಿ ಕಾವೇರಿ, ಕಬಿನಿ, ಭದ್ರೆಗಳ ದಾರಿ ಹಿಡಿದರು.

ಥಾಮಸ್ ಬರೀ ಶೋಕಿಯ ಮನುಷ್ಯನಲ್ಲ ಅನ್ನುವುದು ಗಮನಿಸಬೇಕಾದ್ದು. 1870ರಲ್ಲೇ ಅವನು ದಕ್ಷಿಣ ಕನ್ನಡದ ಮತ್ಸ್ಯಪಾಲನೆಯ ಮೇಲೆ ವರದಿ ಬರೆದಿದ್ದ. ವಿಷ ಬೆರೆಸಿ, ಸಣ್ಣ ಕಣ್ಣಿನ ಬಲೆ ಹಾಕಿ ಮರಿಗಳನ್ನೆಲ್ಲ ಬಾಚುವುದು ಹೊಳೆಯನ್ನು ಬರಿದು ಮಾಡುತ್ತದೆ ಎನ್ನುವುದು ಅವನ ಚಿಂತೆ. ಇಂಥ ಚರ್ಚೆಗಳು ದಶಕಗಳ ಕಾಲ ನಡೆದ ಮೇಲೆ 1897ರ ಇಂಡಿಯನ್ ಫಿಶರೀಸ್ ಕಾಯಿದೆ ಬಂತು. ಅದೇ ಜಿಲ್ಲೆಯ ಶಿಶಿಲದಲ್ಲಿ, ಘಟ್ಟದ ಮೇಲಿನ ಶೃಂಗೇರಿಯಲ್ಲಿ, ದೇವರ ಮೀನೆಂದು ಜನ ಮಹಶೀರ್‌ಗಳಿಗೆ ಅಕ್ಕಿ, ಮಂಡಕ್ಕಿ ಹಾಕಿ ಸಾಕಿಕೊಂಡು ಬಂದಿದ್ದಾರೆ. ಕಾನೂನು ಹೇಳುವ ಮೊದಲೇ ಕಾಯ್ದವರು ಅವರು.

ಬೊಂಬಾಯಿ ಕಡೆಯ ಶೋಕಿಗೆ ಇದ್ದದ್ದು ಕೆರೆಗಳು. 1891ರ ಹೊತ್ತಿಗೆ ಕುಡಿಯುವ ನೀರಿಗೆಂದು ಕಟ್ಟಿದ ಪೊವಾಯಿ ಕೆರೆಯ ನೀರು ಕುಡಿಯಲು ಯೋಗ್ಯವಲ್ಲವೆಂದಾದ ಮೇಲೆ ಅದು ಗಾಳದವರ ಪಾಲಿಗೆ ಬಂತು. 1930ರ ದಶಕದಲ್ಲಿ ಬಾಂಬೆ ಪ್ರೆಸಿಡೆನ್ಸಿ ಆಂಗ್ಲಿಂಗ್ ಅಸೋಸಿಯೇಷನ್ ಅಲ್ಲಿ ನೆಲೆಯೂರಿತು. ಇವತ್ತಿನ ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್ ಆ ಪರಂಪರೆಯದು. ಮಹಶೀರ್ ಹಿಡಿಯುವ ಬಗ್ಗೆ ಎ. ಸೇಂಟ್ ಜೆ. ಮ್ಯಾಕ್‌ಡೊನಾಲ್ಡ್ ಬರೆದ ದೊಡ್ಡ ಪುಸ್ತಕವನ್ನು 1948ರಲ್ಲಿ ಪ್ರಕಟಿಸಿದ್ದು ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ.

ಅದಕ್ಕೆ ಎರಡೇ ವರ್ಷ ಹಿಂದೆ, 1946ರಲ್ಲಿ, ಮೈಸೂರಿನ ಚರ್ಮಪ್ರಸಾಧನ ಕುಟುಂಬದ ಡಿ ವೆಟ್ ವ್ಯಾನ್ ಇಂಗನ್ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದಿದ್ದರು. ಅದಕ್ಕೂ ಮುಂಚೆ ಮರ್ರೆ ಏನ್ಸ್‌ಲಿ ಎಂಬಾತ ಹಿಡಿದ ಮೀನು 119 ಪೌಂಡು. ಈ ಎರಡು ಅಂಕಿಗಳನ್ನು ಎಲ್ಲರೂ ಹೇಳುತ್ತಾರೆ. ಐವತ್ತು ಕಿಲೋ ದಾಟಿದ ಮೀನು ಬಂಡೆಗಳ ನಡುವಿನ ಸೆಳವಿನಲ್ಲಿ ಕೆಳಮುಖವಾಗಿ ಓಡುವಾಗ ಆ ಎಳೆತವೆಲ್ಲ ಬಂದು ಕೂರುವುದು ಎರಡು ಅಂಗೈ ಅಗಲದ ಹಿಡಿಯ ಮೇಲೆ. ಅಂಟು ಬಿಟ್ಟ ಒಂದೇ ಬಿಲ್ಲೆ ಸಾಕು, ಕೋಲು ಕೈಯಲ್ಲಿ ತಿರುಚಿಕೊಳ್ಳಲು. ನಮ್ಮ ಮಳೆಗಾಲದ ತೇವ, ಬೇಸಿಗೆಯ ಸೆಕೆಗಳಲ್ಲಿ ಹಳೆಯ ಪ್ರಾಣಿಜನ್ಯ ಅಂಟುಗಳು ಸಡಿಲವಾಗುವ ಸ್ವಭಾವದವು. ಹಾಗಾಗಿ ಇಲ್ಲಿ ಹಿಡಿಯ ಗಟ್ಟಿತನ ನಿಂತದ್ದು ಬಿಲ್ಲೆಗೂ ಬಿಲ್ಲೆಗೂ ನಡುವೆ ಎಳ್ಳಷ್ಟೂ ಸಂದಿಲ್ಲದಂತೆ ಮಾಡಿದ ಕೊಯ್ತದ ಮೇಲೆ.

ಮುಂದಿನದು ವೇಗವಾಗಿ ನಡೆಯಿತು. ಕಲ್ಕತ್ತೆಯ ಬಿದಿರಿನ ಜಾಗಕ್ಕೆ 20ನೇ ಶತಮಾನದ ಆರಂಭದಲ್ಲಿ ದಕ್ಷಿಣ ಚೀನಾದ ಟೊಂಕಿನ್ ಬಿದಿರು ಬಂತು. 1950ರಲ್ಲಿ ಅಮೆರಿಕ ಚೀನಾದ ಸರಕನ್ನು ನಿಷೇಧಿಸಿದಾಗ ಫೈಬರ್ ಗ್ಲಾಸ್ ಗೆದ್ದಿತು. 1970ರ ದಶಕದಲ್ಲಿ ಕಾರ್ಬನ್ ನಾರು. ಕಡ್ಡಿ ಮೂರು ಸಲ ಬದಲಾದರೂ ಕಾರ್ಕಿನ ಹಿಡಿ ಹಾಗೇ ನಿಂತಿತು. ಅದಕ್ಕೆ ಎದುರಾಗಿ ಬಂದದ್ದು ಈವಿಎ ಫೋಮಿನ ಕಪ್ಪು ಹಿಡಿ. ಅಗ್ಗ, ಒರಟು ಬಳಕೆಗೆ ತಡೆಯುತ್ತದೆ, ಖಾಡಿಯ ಉಪ್ಪುನೀರಿಗೂ ಚಿಂತೆಯಿಲ್ಲ. ಆದರೆ ಮೀನಿನ ಸಣ್ಣ ತಾಗು ಕಾರ್ಕಿನಲ್ಲಿ ಬಂದಷ್ಟು ಸ್ಪಷ್ಟವಾಗಿ ಫೋಮಿನಲ್ಲಿ ಅಂಗೈಗೆ ಬಾರದು ಅನ್ನುವುದು ಕೋಲು ಕಟ್ಟುವವರಲ್ಲಿ ಅನೇಕರ ಅನುಭವ. ಅದರಲ್ಲಿ ಅರ್ಥವಿದೆ: ಫೋಮು ಕಂಪನವನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಗಟ್ಟಿಯಾದ ಕಾರ್ಕು ಕೈಗೆ ಕೊಡುತ್ತದೆ.

ಕಾವೇರಿಯ ಕಥೆಯೂ ಬದಲಾಯಿತು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ನದಿಯ ಒಂದು ಪಾಲನ್ನು ಕಾಯತೊಡಗಿತು. 1970ರ ದಶಕದ ಕೊನೆಗೆ ಬಂದ ಮೂವರು ಇಂಗ್ಲಿಷ್ ಯುವಕರ ತಂಡದಿಂದ ಕಾವೇರಿಯ ಮಹಶೀರ್ ಮತ್ತೆ ಹೊರದೇಶಗಳಲ್ಲಿ ಮಾತಾಯಿತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಶಿಬಿರಗಳಲ್ಲಿ ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ನದಿಗೇ ಬಿಡುವ ಪದ್ಧತಿ ನಡೆಯಿತು. ಆ ದಿನಚರಿ ಪುಸ್ತಕಗಳಿಂದಲೇ ಸಂಶೋಧಕರಿಗೆ ಒಂದು ಕಹಿ ಸಂಗತಿ ಗೊತ್ತಾಯಿತು. ಕಾಮೋಠೆಯಿಂದ ಎಕ್ಸ್‌ಪ್ರೆಸ್‌ವೇ ಹಿಡಿದರೆ ಘಟ್ಟ ಹತ್ತಿದ ಕೂಡಲೇ ಸಿಗುವ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ವಲ್ವಣ್ ಕೆರೆಯಿದೆ; 1970ರ ದಶಕದಿಂದ ಅಲ್ಲಿ ಮಹಶೀರ್ ಮರಿ ಮಾಡಿಸಿ ದೇಶದ ಹಲವು ನದಿಗಳಿಗೆ ಕಳಿಸಿದರು. ಸದುದ್ದೇಶದ ಕೆಲಸ. ಆದರೆ ಹೀಗೆ ಬಿತ್ತಿದ ನೀಲಿರೆಕ್ಕೆಯ ಮಹಶೀರ್ ಕಾವೇರಿಯಲ್ಲಿ ಹೆಚ್ಚುತ್ತ ಹೋದಂತೆ, ಅಲ್ಲಿಯದೇ ಆದ ಗೂನುಬೆನ್ನಿನ ದೊಡ್ಡ ಮಹಶೀರ್ ಕಡಿಮೆಯಾಗುತ್ತ ಬಂತು. 2018ರಲ್ಲಿ ಅದಕ್ಕೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು. ಅದೇ ವರ್ಷ ಅದು ಐಯುಸಿಎನ್‌ನ ಅತಿ ಗಂಭೀರ ಅಪಾಯದ ಪಟ್ಟಿಗೂ ಸೇರಿತು. ವನ್ಯಧಾಮದೊಳಗಿನ ಶಿಬಿರಗಳಲ್ಲಿ ಗಾಳ ಹಾಕುವುದು 2012ರಲ್ಲಿ ನಿಂತಿತು.

ನಿಂತ ಮೇಲೆ ಎಷ್ಟೋ ಕೋಲುಗಳು ಅಟ್ಟ ಸೇರಿದವು. ಅಟ್ಟದಲ್ಲಿ ಮೊದಲು ಹಾಳಾಗುವುದೂ ಹಿಡಿಯೇ: ಜಿರಳೆ ಕಚ್ಚುತ್ತದೆ, ಗುಳಿಯಲ್ಲಿ ತುಂಬಿದ್ದ ಪುಟ್ಟಿ ಉದುರುತ್ತದೆ, ಬಿಲ್ಲೆಗಳ ನಡುವೆ ಬಿರುಕು ಬಿಡುತ್ತದೆ. ಹೀಗಾಗಿ ಇವತ್ತು ಕಾರ್ಕು ಕೊಯ್ಯುವ ಸಂದರ್ಭಗಳು ಎರಡು. ಹೊಸ ಕೋಲಿಗೆ ಹೊಸ ಹಿಡಿ, ಹಳೆಯ ಕೋಲಿನ ಹಿಡಿ ಬದಲು.

ಹೊಸದರಲ್ಲಿ ಬಿಲ್ಲೆಗಳ ತೂತನ್ನು ದುಂಡು ಅರದಿಂದ ಕಡ್ಡಿಯ ದಪ್ಪಕ್ಕೆ ಸರಿಯಾಗಿ ಹಿಗ್ಗಿಸಿ, ಅಂಟು ಹಚ್ಚಿ ಪೋಣಿಸಿ, ಎರಡೂ ಕಡೆಯಿಂದ ನಟ್ಟು ಬಿಗಿದು ಒಂದು ರಾತ್ರಿ ಬಿಡುತ್ತಾರೆ. ಒಣಗಿದ ಮೇಲೆ ಲೇತಿನಲ್ಲೋ ಡ್ರಿಲ್ಲಿನಲ್ಲೋ ತಿರುಗಿಸಿ ಆಕಾರ ಕೊಡುವುದು ಚಾಕುವಿನಿಂದಲ್ಲ, ಉಪ್ಪುಕಾಗದದಿಂದ. ಮೊದಲು 80 ನಂಬರಿನ ಒರಟು, ಆಮೇಲೆ 220, ಕೊನೆಗೆ 400. ಕತ್ತರಿಸುವ ಪ್ರಶ್ನೆ ಬರುವುದು ರೀಲಿನ ಪಟ್ಟಿ ಕೂರಲು ಹಿಡಿಯನ್ನು ಅಳತೆಗೆ ತುಂಡು ಮಾಡುವಾಗ. ಗೆರೆಯ ಸುತ್ತ ಮಾಸ್ಕಿಂಗ್ ಟೇಪನ್ನು ಬಿಗಿಯಾಗಿ ಸುತ್ತಿದರೆ ಅಂಚು ಕಿತ್ತುಬರುವುದಿಲ್ಲ. ತೂತಿನೊಳಗೆ ಅದೇ ದಪ್ಪದ ಮರದ ಕಡ್ಡಿ ತೂರಿಸಿದರೆ ಗೋಡೆ ಒಳಕ್ಕೆ ಕುಸಿಯುವುದಿಲ್ಲ. ಹಲ್ಲು ತೀರಾ ಸಣ್ಣದಾದ ತೆಳು ಗರಗಸವನ್ನು ಒತ್ತದೆ, ಅದರ ತೂಕಕ್ಕೇ ಬಿಟ್ಟು, ಹಿಡಿಯನ್ನು ಸುತ್ತಲೂ ತಿರುಗಿಸುತ್ತ ಒಂದು ಗೀರು ಮಾಡಿಕೊಂಡು ಆಮೇಲೆ ಒಳಕ್ಕೆ ಹೋಗಬೇಕು. ಕ್ಷೌರದ ಬ್ಲೇಡಾದರೆ ಹೊಸದೇ ಆಗಬೇಕು, ಒತ್ತದೆ ಎಳೆದು ಕೊಯ್ಯಬೇಕು. ಉಳಿದ ಗುಳಿಗಳಿಗೆ ಅದೇ ಕಾರ್ಕಿನ ಹಿಟ್ಟನ್ನು ಅಂಟಿನಲ್ಲಿ ಕಲಸಿ ತುಂಬುತ್ತಾರೆ. ಒಳ್ಳೆಯ ದರ್ಜೆಯ ಕಾರ್ಕು ಬಹುಪಾಲು ದ್ರಾಕ್ಷಾರಸದ ಬಾಟಲಿಗಳಿಗೆ ಹೋಗುವುದರಿಂದ, ಕೋಲಿನವರ ಪಾಲಿಗೆ ಬರುವ ಬಿಲ್ಲೆಗಳಲ್ಲಿ ಗುಳಿ ಇದ್ದೇ ಇರುತ್ತದೆ.

ಹಳೆಯ ಕೋಲಿನದು ಹೆಚ್ಚು ನಾಜೂಕಿನ ಕೆಲಸ. ಕಾರ್ಕನ್ನು ಉದ್ದಕ್ಕೆ ಸೀಳಿ ಬಿಡಿಸಬೇಕು, ಆದರೆ ಅಲಗಿನ ತುದಿ ಒಳಗಿನ ಬಿದಿರನ್ನು ಮುಟ್ಟಬಾರದು. ಸೀಳುಬಿದಿರಿನ ಬಲವೆಲ್ಲ ಹೊರಮೈಯ ಕೂದಲೆಳೆಯಷ್ಟು ನಾರಿನಲ್ಲಿದೆ. ಅಲ್ಲೊಂದು ಗೀರು ಬಿದ್ದರೆ ಮುಂದೊಂದು ದಿನ ಕೋಲು ಅಲ್ಲಿಯೇ ಮುರಿಯುತ್ತದೆ. ಆದ್ದರಿಂದ ಬಲ್ಲವರು ಮುಕ್ಕಾಲು ಆಳಕ್ಕಷ್ಟೇ ಸೀಳಿ, ಮಿಕ್ಕದ್ದನ್ನು ಬೆರಳಿನಿಂದ ಮುರಿದು, ಅಂಟಿಕೊಂಡ ಪದರವನ್ನು ಉಪ್ಪುಕಾಗದದಿಂದ ತೆಗೆಯುತ್ತಾರೆ. ಸ್ವಾತಂತ್ರ್ಯಪೂರ್ವದ ಕೋಲಾದರೆ ಪ್ರಾಣಿಜನ್ಯ ಅಂಟು ಇದ್ದೀತು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿಟ್ಟರೆ ಅದು ಮೆತ್ತಗಾಗಿ ಬಿಲ್ಲೆಗಳು ತಾವೇ ಬಿಡುತ್ತವೆ. ಆದರೆ ಬಿದಿರ ಪಟ್ಟಿಗಳನ್ನು ಹಿಡಿದಿರುವುದೂ ಅದೇ ಜಾತಿಯ ಅಂಟಾದ್ದರಿಂದ ಬಟ್ಟೆಯನ್ನು ಬುಡದಿಂದ ಮೇಲಕ್ಕೆ ಹೋಗಗೊಡದೆ, ಎರಡು ಮೂರು ನಿಮಿಷಕ್ಕೊಮ್ಮೆ ತೆಗೆದು ನೋಡುತ್ತಿರಬೇಕು.